ಬೀಳಲು ಕಲಿಸುವ ಮೇಷ್ಟ್ರು

ಫೆಬ್ರುವರಿ ೪, ಬುಧವಾರ

ಮೇಷ್ಟ್ರು ಇವತ್ತು ಬಚ್ಚಲುಮನೆಯಲ್ಲಿ ಮತ್ತೆ ಬಿದ್ದರು. ಧಡಾರ್ ಎಂಬ ಸದ್ದಿಗೆ ಹೊಲಿಗೆ ಮೆಷಿನ್ನಿನ ಮೇಲಿದ್ದ ಪ್ಯಾಂಟನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಬಕೆಟ್ ಮಗುಚಿ ನೀರೆಲ್ಲ ಹೊಸ್ತಿಲು ದಾಟಿತ್ತು. ನನ್ನ ಗಂಡ ಎನ್ನುವ ಈ ಮನುಷ್ಯ ಒಂದು ಮಗ್ಗುಲಾಗಿ, ಮಂಡಿಗಳನ್ನು ಜೋಡಿಸಿ, ಗದ್ದವನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಮಲಗಿದ್ದ. ನಗುತ್ತಿದ್ದ.

“ಬಿದ್ದಿಲ್ಲ ಕಣೇ, ಇಳಿದೆ” ಅಂದ. “ನೋಡ್ಕೋ, ಒಂದು ಮೂಳೆನಾದ್ರೂ ಮುರಿದಿದ್ಯಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಮೂಳೆ ಮುರಿದಿದ್ದರೆ ಆಸ್ಪತ್ರೆಯವರಾದರೂ ನೋಡಿಕೊಳ್ಳುತ್ತಿದ್ದರು. ಮುರಿಯದಿದ್ದರೆ ಎತ್ತುವವಳು ನಾನು. ಕಂಕುಳಿಗೆ ಕೈ ಹಾಕಿ ಎತ್ತುವಾಗ ನನ್ನ ಸೊಂಟ ಕಳಕ್ ಎಂದಿತು. ಅದನ್ನು ಕೇಳುವವರು ಯಾರು?

ವಿಮಾನದಿಂದ ಹಾರುವ ಸೈನಿಕರಿಗೆ ನೆಲದ ಮೇಲೆ ಬೀಳುವುದು ಹೇಗೆಂದು ಕಲಿಸುವುದೇ ಈ ಮನುಷ್ಯನ ಕೆಲಸವಾಗಿತ್ತು. ಅದಕ್ಕೆ ಸೇನೆ ಸಂಬಳ ಕೊಟ್ಟಿತು, ಎದೆಗೆ ಬಿಲ್ಲೆ ಚುಚ್ಚಿತು. ಕಲಿತ ಹುಡುಗರು ಮೇಷ್ಟ್ರು ಎಂದು ಕರೆದರು. ನಾನೂ ಹಾಗೇ ಕರೆಯುತ್ತೇನೆ, ಆದರೆ ನನ್ನ ಬಾಯಲ್ಲಿ ಅದರ ರುಚಿ ಬೇರೆ. ಕೈಕಾಲು ಗಟ್ಟಿಯಿದ್ದಾಗ ಊರೂರು ಅಲೆದು ಗಂಡಸರನ್ನು ಬೀಳಿಸಿದರು. ಈಗ ಎಪ್ಪತ್ತೊಂಬತ್ತಕ್ಕೆ ನನ್ನ ಕಣ್ಣೆದುರು ತಾವೇ ಬೀಳುತ್ತಿದ್ದಾರೆ.

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ.

ಫೆಬ್ರುವರಿ ೬, ಶುಕ್ರವಾರ

ಮಗಳು ಗೊತ್ತುಮಾಡಿದ ಫಿಸಿಯೋ ಬಂದಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ದನಿ ಮೂರನೇ ಮನೆಗೆ ಕೇಳುತ್ತದೆ. ಬಂದವಳೇ ಕಾಲೊರೆಸುಗಳನ್ನೆಲ್ಲ ಎತ್ತಿಸಿದಳು. ಬಚ್ಚಲುಮನೆಯ ಗೋಡೆಗೆ ಕಂಬಿ ಬೇಕು ಎಂದಳು. ನಾಲ್ಕು ಕಾಲಿನ ವಾಕರ್ ಒಂದನ್ನು ತಂದು ಮೇಷ್ಟ್ರ ಮುಂದೆ ಇಟ್ಟಳು. ಅವರು ಅದನ್ನು ಸುತ್ತ ತಿರುಗಿ ನೋಡಿ, ತಮ್ಮ ಒದ್ದೆ ಟವೆಲ್ಲನ್ನು ಅದರ ಮೇಲೆ ಹರವಿದರು.

“ನೀವೆಲ್ಲ ಬೀಳಬೇಡಿ ಅಂತ ಹೇಳ್ಕೊಡ್ತೀರಿ. ನಾನು ಬೀಳೋದನ್ನೇ ಹೇಳ್ಕೊಟ್ಟೋನು. ಬೀಳದೇ ಇರೋ ಮನುಷ್ಯ ಇನ್ನೂ ಹುಟ್ಟಿಲ್ಲಮ್ಮ” ಎಂದರು.

“ಆ ಹುಡುಗರಿಗೆ ಇಪ್ಪತ್ತು ವರ್ಷ ಸರ್. ಕಾಲಲ್ಲಿ ಬೂಟು ಬೇರೆ” ಎಂದಳು ಅವಳು. ಅವಳ ಮೇಲೆ ನನಗೆ ಅಭಿಮಾನ ಬಂತು.

ಆಮೇಲೆ ಶುರುವಾಯಿತು ಪುರಾಣ. ವಿಮಾನದ ಬಾಗಿಲು, ಕೆಳಗೆ ನೆಲ, ಗಾಳಿಯ ಆರ್ಭಟ. ಹಾರುವವನ ಬೆನ್ನಿಗೆ ನಿಂತ ಮೇಷ್ಟ್ರು ಪಟ್ಟಿ, ಕೊಂಡಿ ಎಲ್ಲ ನೋಡಿ ಭುಜದ ಮೇಲೆ ಒಂದು ಏಟು ಹಾಕುತ್ತಾರಂತೆ. ಎಲ್ಲ ನೋಡಿದ್ದೇನೆ, ನೀನಿನ್ನು ಹೋಗು ಎಂದು ಅದರ ಅರ್ಥ. ಆ ಏಟು ಬೀಳದೆ ಯಾವನೂ ಹಾರಬಾರದು. ಈ ಕಥೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಅವಳು ಮಾತ್ರ ಬಾಯಿ ಬಿಟ್ಟುಕೊಂಡು ಕೇಳಿದಳು.

ಒಂಟಿ ಕಾಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದಳು. ಮೇಷ್ಟ್ರು ತೂರಾಡಿ ಕುರ್ಚಿ ಹಿಡಿದರು. “ನೀವೂ ಒಂದ್ಸಲ ನಿಂತು ತೋರಿಸಿ ಅಮ್ಮ” ಎಂದು ನನ್ನ ಕಡೆ ತಿರುಗಿದಳು.

“ರೋಗಿ ಅವರು, ನಾನಲ್ಲ” ಎಂದೆ. ಹಾಲು ಉಕ್ಕುತ್ತಿದೆ ಎಂದು ಒಳಗೆ ಬಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಫೆಬ್ರುವರಿ ೮, ಭಾನುವಾರ

ಮಗಳು ಬಂದು ಅಪ್ಪನ ಎದುರು ಕೂತು ಖಡಾಖಂಡಿತವಾಗಿ ಹೇಳಿದಳು. “ಇನ್ನೊಂದು ಸಲ ಈ ಮನೇಲಿ ನೀವು ಬಿದ್ರೆ, ಮಾಜಿ ಸೈನಿಕರ ಆರೈಕೆ ಮನೆಗೆ ಸೇರಿಸ್ತೀನಿ ಅಪ್ಪ. ಜಾಗ ವಿಚಾರಿಸಿ ಇಟ್ಟಿದೀನಿ. ಅಮ್ಮನ ಸೊಂಟ ಮುರಿದ್ಮೇಲೆ ಯೋಚನೆ ಮಾಡೋಕಾಗಲ್ಲ.”

ಮೇಷ್ಟ್ರ ಮುಖ ಇಳಿಯಿತು. ತಮ್ಮ ಜೊತೆಯವನೊಬ್ಬನನ್ನು ನೋಡಲು ಅಲ್ಲಿಗೆ ಹೋಗಿದ್ದರಂತೆ. ಮಂಚಕ್ಕೆ ಎರಡೂ ಕಡೆ ಕಂಬಿ ಹಾಕಿ ಮಲಗಿಸಿದ್ದರಂತೆ. ಏಳುತ್ತೇನೆ ಎಂದರೆ ಗುಂಡಿ ಒತ್ತಿ, ಯಾರಾದರೂ ಬರುವವರೆಗೆ ಕಾಯಬೇಕಂತೆ. “ಎರಡು ತಿಂಗಳಲ್ಲಿ ನಡೆಯೋದನ್ನೇ ಮರೆತುಬಿಟ್ಟ. ನನ್ನ ಕಳಿಸಬೇಡ ಮಗಾ” ಎಂದರು. ಈ ಮನುಷ್ಯ ಯಾರನ್ನಾದರೂ ಬೇಡಿಕೊಂಡದ್ದನ್ನು ಇವತ್ತೇ ನೋಡಿದ್ದು.

ನನಗೆ ಖುಷಿಯಾಯಿತು. ಇದನ್ನು ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ? ಕಿಟಕಿಯ ಹತ್ತಿರದ ಕುರ್ಚಿ ನನ್ನದಾಗುತ್ತದೆ. ಒಂದೇ ಲೋಟ ಚಹಾ. ರೇಡಿಯೋಗೆ ಪರೇಡಿನ ದನಿಯಲ್ಲಿ ಉತ್ತರ ಕೊಡುವವರಿಲ್ಲ. ಯಾರನ್ನೂ ಎತ್ತಬೇಕಾಗಿಲ್ಲ. ಇನ್ನೊಂದು ಸಲ ಬೀಳಲಿ, ಸಾಕು.

ಫೆಬ್ರುವರಿ ೧೩, ಶುಕ್ರವಾರ

ಬೀಳುತ್ತಿಲ್ಲ. ಹೆದರಿಕೆಗೆ ವಾಕರ್ ಹಿಡಿದಿದ್ದಾರೆ. ಹಿಡಿದು ಎಲ್ಲಿಗೂ ಹೋಗುವುದಿಲ್ಲ. ಅಡುಗೆಮನೆಗೂ ಹಾಲಿಗೂ ನಡುವಿನ ಪ್ಯಾಸೇಜಿನಲ್ಲಿ ಅದನ್ನು ಅಡ್ಡ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನನ್ನನ್ನೇ ನೋಡುತ್ತಾರೆ. ಸಕ್ಕರೆ ಎಷ್ಟು ಹಾಕುತ್ತೇನೆ ಎಂದೋ, ಯಾರ ಜೊತೆ ಮಾತಾಡುತ್ತೇನೆ ಎಂದೋ. ಹೋಗುವಾಗ ಬರುವಾಗ ನಾನು ಆ ವಾಕರನ್ನೇ ಹಿಡಿದು ದಾಟಬೇಕು.

ಸಾಲದ್ದಕ್ಕೆ ಹುಕುಂ. “ಗದ್ದ ಎದೆಗೆ!” “ಮಂಡಿ ಸಡಿಲ!” ಬ್ರೆಡ್ ಕೊಯ್ಯುತ್ತಿದ್ದವಳು ಬೆಚ್ಚಿ ಇನ್ನೇನು ಬೆರಳು ಕೊಯ್ದುಕೊಳ್ಳುತ್ತಿದ್ದೆ. “ನಾನು ನಿಮ್ಮ ಪಡೆಯ ಹುಡುಗ ಅಲ್ಲ ರೀ” ಎಂದೆ. “ಅವನಾಗಿದ್ರೆ ಇಷ್ಟು ಹೊತ್ತಿಗೆ ಕಲಿತಿರ್ತಿದ್ದ” ಎಂದರು.

ಒಗೆದ ಬಟ್ಟೆಯ ಬುಟ್ಟಿ ಹೊತ್ತು ತಾರಸಿಗೆ ಹೊರಟರೆ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಚಪ್ಪಲಿ ನೋಡುತ್ತಾರೆ, ಬುಟ್ಟಿ ನೋಡುತ್ತಾರೆ, ಆಮೇಲೆ ಭುಜದ ಮೇಲೆ ಫಟ್ ಎಂದು ಒಂದು ಏಟು. ಕತ್ತೆಗೆ ತಟ್ಟಿದ ಹಾಗೆ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಇದೊಂದು ಮರ್ಯಾದೆ ಬಾಕಿ ಇತ್ತು.

ಮೆಷಿನ್ನೂ ಕೈಕೊಟ್ಟಿದೆ. ಹೊಲಿಗೆ ಓಡುತ್ತಾ ಓಡುತ್ತಾ ತಡವರಿಸುತ್ತದೆ. ಬೆಲ್ಟ್ ಸಡಿಲವಾಗಿರಬೇಕು. ಎಡಗಾಲು ಪೆಡಲಿನ ಮೇಲಿದೆ ಎಂದುಕೊಂಡು ತುಳಿದರೆ ನೆಲದ ಮೇಲಿರುತ್ತದೆ. ಹಳೇ ಮೆಷಿನ್ ಮಾರಿಬಿಡಬೇಕು.

ಫೆಬ್ರುವರಿ ೧೭, ಮಂಗಳವಾರ

ಇವತ್ತು ಕಂಡದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ದಾರ ತರಲು ಅಂಗಡಿಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ಸ್ವಲ್ಪ ನಿಂತೆ, ಬಿಸಿಲಿಗೆ. ಬಾಗಿಲು ತೆಗೆದರೆ, ಮಂಚದ ಮೇಲಿನ ಹಾಸಿಗೆ ಹಾಲಿನ ನಡುವೆ ನೆಲದಲ್ಲಿದೆ. ಈ ಮನುಷ್ಯ ಮೋಟು ಸ್ಟೂಲಿನ ಮುಂದೆ ನಿಂತಿದ್ದಾನೆ. ಸೊಂಟಕ್ಕೆ ದಿಂಬು ಕಟ್ಟಿಕೊಂಡಿದ್ದಾನೆ. ಕೈಯಲ್ಲಿ ನನ್ನ ಬಟ್ಟೆಬುಟ್ಟಿ, ಕಾಲಲ್ಲಿ ನನ್ನ ಚಪ್ಪಲಿ! ಹಿಮ್ಮಡಿ ಅರ್ಧ ಹೊರಗೆ ಚಾಚಿಕೊಂಡಿದೆ. ಎಡಗಾಲನ್ನು ಎಳೆದ ಹಾಗೆ ಮಾಡಿ, ಬುಟ್ಟಿ ಬಿಸಾಡಿ, ಬಲಕ್ಕೆ ಹೊರಳಿ ಹಾಸಿಗೆಯ ಮೇಲೆ ಧೊಪ್ಪೆಂದು ಬಿದ್ದ. ಬಿದ್ದು, “ಊಹೂಂ, ಬುಟ್ಟಿ ತಡವಾಯ್ತು” ಎಂದು ತನಗೆ ತಾನೇ ಹೇಳಿಕೊಂಡ.

ನಾನು ಬಾಯಿಗೆ ಬಂದಂತೆ ಬೈದೆ. ಹುಚ್ಚು ಹಿಡಿದಿದೆ ಎಂದೆ. ಒಬ್ಬರೇ ಇದ್ದಾಗ ಸತ್ತರೆ ಜನ ನನ್ನ ಮುಖಕ್ಕೆ ಉಗಿಯುತ್ತಾರೆ ಎಂದೆ. ಮಗಳಿಗೆ ಈಗಲೇ ಫೋನ್ ಮಾಡುತ್ತೇನೆ ಎಂದೆ. ನೆಲದಲ್ಲಿ ಕೂತುಕೊಂಡೇ ಎಲ್ಲ ಕೇಳಿಸಿಕೊಂಡರು. ಕೊನೆಗೆ, “ಈ ಚಪ್ಪಲಿ ಅಟ್ಟೆ ಪೂರಾ ಸವೆದಿದೆ” ಎಂದು ಎರಡನ್ನೂ ಕಸದ ಬುಟ್ಟಿಗೆ ಎಸೆದರು.

ನನ್ನ ಚಪ್ಪಲಿ! ಎತ್ತಿಕೊಂಡು ತೊಳೆದು ಮತ್ತೆ ಹಾಕಿಕೊಂಡಿದ್ದೇನೆ. ಹಠ ನನಗೂ ಇದೆ.

ಫೆಬ್ರುವರಿ ೨೨, ಭಾನುವಾರ

ಮೆಷಿನ್ ರಿಪೇರಿಯವನು ಬಂದು ಬಿಚ್ಚಿ ನೋಡಿದ. “ಎಲ್ಲಾ ಸರಿ ಇದೆಯಲ್ಲಮ್ಮ, ಬೆಲ್ಟೂ ಹೊಸದೇ” ಎಂದ. ಕಳ್ಳ. ಕೆಲಸ ಬರುವುದಿಲ್ಲ ಎಂದು ಒಪ್ಪಿಕೊಳ್ಳಲು ಬಾಯಿ ಬರುವುದಿಲ್ಲ.

ಮಗಳೂ ಬಂದಿದ್ದಳು. ಹಾಸಿಗೆಯ ವಿಷಯ ಹೇಳಬೇಕೆಂದಿದ್ದೆ. ಅವಳು ಬಂದು, ಚಹಾ ಕುಡಿದು, ಹೋದಳು. ಹೇಳಲಿಲ್ಲ. ಯಾಕೋ ಮರೆತುಹೋಯಿತು.

ಫೆಬ್ರುವರಿ ೨೫, ಬುಧವಾರ

ತಾರಸಿಯ ಬಾಗಿಲಲ್ಲಿ ಎಡವಿದೆ. ಏನೂ ಆಗಿಲ್ಲ. ಯಾರೂ ನೋಡಿಲ್ಲ.

ಮಾರ್ಚ್ ೧, ಭಾನುವಾರ

ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಮಗಳು ಬರುವ ಹೊತ್ತಾಗಿತ್ತು. ಟ್ರೇಯಲ್ಲಿ ಕಪ್ಪುಗಳನ್ನು ಜೋಡಿಸಿಕೊಂಡು ಅಡುಗೆಮನೆಯಿಂದ ಹೊರಟೆ. ಹೊಸ್ತಿಲು ದಾಟಿದೆ ಎಂದುಕೊಂಡೆ, ಎಡಗಾಲು ದಾಟಿರಲಿಲ್ಲ. ನೆಲ ಎದ್ದು ಬಂತು. ಪ್ಯಾಸೇಜಿನಲ್ಲಿದ್ದ ಮೇಷ್ಟ್ರು “ಗದ್ದ!” ಎಂದು ಅರಚಿದರು. ನಾನು ಯೋಚಿಸಲಿಲ್ಲ, ಗದ್ದ ತಾನಾಗಿ ಎದೆಗೆ ಹೋಯಿತು, ಟ್ರೇ ಕೈಬಿಟ್ಟಿತು, ಮೈ ಬಲಕ್ಕೆ ಹೊರಳಿತು. ತಲೆಗೂ ಬಾಗಿಲ ಚೌಕಟ್ಟಿಗೂ ನಾಲ್ಕು ಬೆರಳು ಅಂತರ. ಕಪ್ಪುಗಳೆಲ್ಲ ಚೂರು.

ಏಳಲು ಆಗಲಿಲ್ಲ. ಅವರು ವಾಕರ್ ಬಿಟ್ಟು, ಗೋಡೆ ಸವರಿಕೊಂಡು ಬಂದರು. ಎತ್ತುವ ಶಕ್ತಿ ಎಲ್ಲಿದೆ? ನನ್ನ ಪಕ್ಕದಲ್ಲಿ ನೆಲದ ಮೇಲೆ ತಾವೂ ಮಲಗಿಬಿಟ್ಟರು. “ನನ್ನ ನೋಡು. ಮೊದಲು ಮಗ್ಗುಲು. ಮೊಣಕೈ ಊರು. ಈಗ ಮಂಡಿ. ಅವಸರ ಬೇಡ, ಇಲ್ಲಿಂದ ಕೆಳಗೆ ಬೀಳೋಕೆ ಇನ್ನೇನೂ ಇಲ್ಲ” ಎಂದರು. ಆ ಹೊತ್ತಿನಲ್ಲೂ ಮನುಷ್ಯನಿಗೆ ತಮಾಷೆ.

ಇಬ್ಬರೂ ಹಾಗೆ ಚೂರುಗಳ ನಡುವೆ ಮಂಡಿಯೂರಿರುವಾಗ ಮಗಳು ಕೀಲಿ ತಿರುಗಿಸಿ ಒಳಗೆ ಬಂದಳು. ಅವಳ ಕೈಯಲ್ಲಿದ್ದ ಚೀಲ ಅಲ್ಲೇ ಬಿತ್ತು.

“ನಾನು ಬಿದ್ದೆ” ಎಂದರು ಮೇಷ್ಟ್ರು, ಅವಳು ಕೇಳುವ ಮೊದಲೇ. “ನಿಮ್ಮಮ್ಮ ಎತ್ತೋಕೆ ಬಂದಳು.”

ನಾನು ಚೂರುಗಳನ್ನು ಟ್ರೇಗೆ ಆಯ್ದು ಹಾಕತೊಡಗಿದೆ. ಮಗಳು ಅಳುತ್ತಲೇ ಬಾಲ್ಕನಿಗೆ ಹೋಗಿ ಆರೈಕೆ ಮನೆಗೆ ಫೋನ್ ಮಾಡಿದಳು. ಶನಿವಾರ ವ್ಯಾನ್ ಬರುತ್ತದೆ.

ಮಾರ್ಚ್ ೩, ಮಂಗಳವಾರ

ಟ್ರಂಕ್ ಹೊರಗೆ ಬಂದಿದೆ. ಅಂಗಿಗಳನ್ನು ಸೇನೆಯವರ ಹಾಗೆ ಚೌಕವಾಗಿ ಮಡಿಸಿ ಇಡುತ್ತಿದ್ದಾರೆ.

ಇವರ ಉಪಕಾರವನ್ನು ಯಾರು ಕೇಳಿದ್ದರು? ಬಿದ್ದದ್ದು ನಾನು. ನನ್ನ ಬೀಳುವಿಕೆಯನ್ನೂ ತಾವೇ ಎತ್ತಿಕೊಂಡು ಹೋಗಬೇಕೆ? ಈ ಮನೆಯಲ್ಲಿ ನನ್ನದು ಅಂತ ಒಂದು ಇರಬಾರದೆ? ಕೋಪದಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ. ಬಲತೋಳು ಮೊಣಕೈವರೆಗೆ ನೀಲಿಗಟ್ಟಿದೆ. ಸೆಕೆಯಲ್ಲೂ ಉದ್ದ ತೋಳಿನದನ್ನೇ ಹಾಕಿಕೊಂಡಿದ್ದೇನೆ.

ಒಂದು ಮಾತು ಹೇಳಿದರೆ ವ್ಯಾನ್ ಬರುವುದಿಲ್ಲ. ಹೇಳದಿದ್ದರೆ ಕಿಟಕಿಯ ಕುರ್ಚಿ ನನ್ನದು. ಅವರು ಪಕ್ಕದ ಕೋಣೆಯಲ್ಲಿ ಮಡಿಸುತ್ತಿರುವಾಗ ಆ ಕುರ್ಚಿಯಲ್ಲಿ ಕೂತು ನೋಡಿದೆ. ಎದುರು ಕಟ್ಟಡದ ಗೋಡೆ ಬಿಟ್ಟರೆ ಅಲ್ಲಿಂದ ಏನೂ ಕಾಣುವುದಿಲ್ಲ. ಇಷ್ಟು ದಿನ ಇವರು ಏನನ್ನು ನೋಡುತ್ತಿದ್ದರೋ. ಮೆಷಿನ್ ಮಾತ್ರ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಮಾರ್ಚ್ ೪, ಬುಧವಾರ

ಫಿಸಿಯೋ ಕೊನೆಯ ಸಲ ಬಂದಳು. ಮೇಷ್ಟ್ರು ಕ್ಷೌರಕ್ಕೆಂದು ಮಗಳ ಜೊತೆ ಹೋಗಿದ್ದರು. ಚಹಾದ ಲೋಟ ಕೊಡುವಾಗ ನನ್ನ ಬಟ್ಟೆಯ ಉದ್ದ ತೋಳು ಮೇಲೆ ಸರಿಯಿತು. ಅವಳು ಕಂಡಳು. ಕಂಡು, ಮೊದಲ ಸಲ ಮೆಲ್ಲಗೆ ಮಾತಾಡಿದಳು.

“ಬಲಕ್ಕೇ ಬಿದ್ರಾ ಅಮ್ಮ? ಸರ್ ಹೇಳ್ಕೊಟ್ಟ ಹಾಗೆ?”

ನನಗೆ ತಲೆ ಬುಡ ಅರ್ಥವಾಗಲಿಲ್ಲ. ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ಮೊದಲ ದಿನ ನಾನು ಒಳಗೆ ಬಂದ ಮೇಲೆ ಮೇಷ್ಟ್ರು ಅವಳ ಕೈ ಹಿಡಿದು ಕೇಳಿದರಂತೆ, ಎಡಗಾಲಿನಲ್ಲಿ ಸ್ಪರ್ಶ ಕಮ್ಮಿಯಾದ ವಯಸ್ಸಾದ ಹೆಂಗಸು ಯಾವ ಕಡೆಗೆ ಬಿದ್ದರೆ ಪೆಟ್ಟು ಕಡಿಮೆ ಎಂದು. ಯಾರು ಸರ್ ಎಂದರೆ, “ಅವಳು ಮೆಷಿನ್ ತುಳಿಯೋ ಸದ್ದು ಕೇಳಿದ್ರೆ ಗೊತ್ತಾಗುತ್ತೆ. ಎಡಗಾಲು ತಡವಾಗಿ ಬೀಳ್ತಿದೆ” ಎಂದರಂತೆ. ಸೈನಿಕರಿಗೆ ಕಲಿಸಿದ್ದು ನನಗೆ ಆಗುವುದಿಲ್ಲ, ಹಾಗಾಗಿ ಹೊಸದಾಗಿ ಕಂಡುಹಿಡಿಯಬೇಕು ಎಂದರಂತೆ. ಬುಟ್ಟಿ ಹಿಡಿದಾಗ ಹೇಗೆ, ಸವೆದ ಚಪ್ಪಲಿಯಲ್ಲಿ ಹೇಗೆ. “ಮುಂದಿನ ವಾರ ಬಂದಾಗ, ಬೇಡ ಸರ್, ನೀವೇ ಬೀಳ್ತೀರಿ, ಆರೈಕೆ ಮನೆಗೆ ಕಳಿಸಿಬಿಡ್ತಾರೆ ಅಂದೆ. ಹಾಸಿಗೆ ಹಾಕ್ಕೋತೀನಿ ಬಿಡು ಅಂದ್ರು.”

“ನನಗೇ ನೇರವಾಗಿ ಹೇಳೋಕೆ ಏನಾಗಿತ್ತು ಇವರಿಗೆ?” ಎಂದೆ.

“ನಾನೂ ಅದನ್ನೇ ಕೇಳಿದೆ. ವಿಮಾನದ ಬಾಗಿಲಲ್ಲಿ ನಿಂತವನಿಗೆ ನಿನ್ನ ಕಾಲು ನಡುಗ್ತಿದೆ ಅಂತ ಯಾವ ಮೇಷ್ಟ್ರೂ ಹೇಳಲ್ಲ ಅಂದ್ರು. ಹೇಳಿದ್ರೆ ಅವನ ಕಾಲು ಇನ್ನೂ ನಡುಗುತ್ತಂತೆ.”

ಅವರು ಕ್ಷೌರ ಮಾಡಿಸಿಕೊಂಡು ಬಂದಾಗ ಕೋಪ ನೆತ್ತಿಗೇರಿತ್ತು. “ಹೆಂಡತಿ ಅನ್ನೋಳ ಜೊತೆ ಮಾತಾಡೋಕೂ ಸೇನೆಯ ಕಾನೂನು ಬೇಕಾ ರೀ?” ಎಂದು ಕೂಗಿದೆ. ಅವರನ್ನು ಬಿಟ್ಟು ಮಗಳು ಅದೇ ಆಟೋದಲ್ಲಿ ಹೋಗಿಯಾಗಿತ್ತು. ಅವರು ಟೋಪಿ ತೆಗೆದು ಮೊಳೆಗೆ ಹಾಕಿದರು. “ನೀನು ಕೇಳ್ತಿರಲಿಲ್ಲ. ಮೆಷಿನ್ ಮಾರಿ ಮೂಲೆ ಹಿಡೀತಿದ್ದೆ. ಮಗಳಿಗೆ ಗೊತ್ತಾದ್ರೆ ನಿನ್ನ ಕೈಯಿಂದ ಎಲ್ಲಾನೂ ಕಿತ್ಕೋತಾಳೆ. ಅದಕ್ಕಿಂತ ನಾನು ಹೋಗೋದು ವಾಸಿ” ಎಂದರು. ಆಮೇಲೆ ಬೂಟಿಗೆ ಪಾಲಿಷ್ ಹಾಕಲು ಕೂತರು.

ಮೂರ್ಖ. ಕಡು ಮೂರ್ಖ.

ಮಾರ್ಚ್ ೭, ಶನಿವಾರ

ವ್ಯಾನ್ ಬಂತು. ಚಾಲಕ ಟ್ರಂಕಿಗೆ ಕೈ ಹಾಕಿದ. “ಇಳಿಸಪ್ಪ ಅದನ್ನ” ಎಂದೆ. ಮಗಳ ಕಡೆ ತಿರುಗಿ, “ಭಾನುವಾರ ಬಿದ್ದಿದ್ದು ನಾನು” ಎಂದೆ.

“ಅಮ್ಮ, ಅಪ್ಪನ ಮೇಲಿನ ಕನಿಕರಕ್ಕೆ ಸುಳ್ಳು ಹೇಳಬೇಡ” ಎಂದಳು. ಕನಿಕರವಂತೆ! ನನಗೆ! ತೋಳು ಮೇಲೆತ್ತಿ ತೋರಿಸಿದೆ. ನೀಲಿ ಈಗ ಹಳದಿಗೆ ತಿರುಗಿದೆ.

“ನನ್ನ ಎತ್ತುವಾಗ ಬಾಗಿಲಿಗೆ ತಗುಲಿದ್ದು ಅದು” ಎಂದರು ಮೇಷ್ಟ್ರು, ಕಣ್ಣು ಮಿಟುಕಿಸದೆ. ಮಗಳು ಅವರನ್ನೇ ನಂಬಿದಳು. ಬೀಳುವವರು ಅಪ್ಪ, ಎತ್ತುವವಳು ಅಮ್ಮ ಎಂದು ಅವಳ ತಲೆಯಲ್ಲಿ ಅಚ್ಚೊತ್ತಿದ್ದು ನಾನೇ ತಾನೆ, ದಿನಾ ಫೋನ್ ಮಾಡಿ ಮಾಡಿ.

ಇನ್ನೇನು ಮಾಡಲಿ? ಹಾಲಿನ ನಡುವೆ ಬಂದೆ. “ನಿನ್ನ ಫಿಸಿಯೋ ಒಂಟಿ ಕಾಲಲ್ಲಿ ನಿಲ್ಲು ಅಂದಿದ್ಲು, ನಾನು ನಿಲ್ಲಲಿಲ್ಲ. ಈಗ ನೋಡು” ಎಂದು ಬಲಗಾಲು ಎತ್ತಿದೆ. ಎಡಗಾಲು ಎಲ್ಲಿದೆ ಎಂದೇ ನನಗೆ ತಿಳಿಯಲಿಲ್ಲ. ಕೋಣೆ ವಾಲಿತು. ಮಗಳು ಕಿರುಚಿದಳು. ಅವಳಿಗಿಂತ ಮೊದಲು ಮೇಷ್ಟ್ರು ವಾಕರ್ ತಳ್ಳಿ ನನ್ನ ರಟ್ಟೆ ಹಿಡಿದಿದ್ದರು. ನನ್ನನ್ನು ಹಿಡಿದು ಅವರೂ ವಾಲಿದರು. ಮಗಳು, ಚಾಲಕ ಇಬ್ಬರೂ ಸೇರಿ ನಮ್ಮಿಬ್ಬರನ್ನು ಸೋಫಾಕ್ಕೆ ತಂದು ಕೂರಿಸಿದರು.

“ಹಠಮಾರಿ! ತಲೆ ಒಡೆದುಕೊಂಡಿದ್ರೆ?” ಎಂದು ಈ ಮನುಷ್ಯ ನನ್ನ ಮೇಲೆ ಹಾರಾಡಿದ. ಇಷ್ಟು ಸಿಟ್ಟನ್ನು ಜನ್ಮದಲ್ಲಿ ಕಂಡಿಲ್ಲ. ಮಗಳು ಟ್ರಂಕಿನ ಮೇಲೆ ಕೂತು ತುಂಬ ಹೊತ್ತು ಅತ್ತಳು. “ಅಮ್ಮ, ಇದು ಎಷ್ಟು ದಿನದಿಂದ?” ಎಂದಳು. ನನ್ನನ್ನು ಕೇಳಿದ್ದಕ್ಕೆ ಮೇಷ್ಟ್ರು ಉತ್ತರ ಕೊಟ್ಟರು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ವ್ಯಾನ್ ಖಾಲಿ ಹೋಯಿತು. ಆದರೆ ಪುಕ್ಕಟೆಯಾಗಿ ಅಲ್ಲ. ನನ್ನ ಕಾಲಿಗೆ ಡಾಕ್ಟರು. ಅಡುಗೆಮನೆಗೂ ಕಂಬಿ. ತಾರಸಿಗೆ ಬಟ್ಟೆ ಒಯ್ಯಲು ಕೆಲಸದವಳು. ಇನ್ನು ಯಾರು ಬಿದ್ದರೂ ಅದೇ ದಿನ ನಿಜ ಹೇಳಬೇಕು, ಇಲ್ಲವಾದರೆ ಇಬ್ಬರಿಗೂ ಜಾಗ ಹುಡುಕುತ್ತಾಳಂತೆ. ಹೆತ್ತದ್ದಕ್ಕೆ ಇದು ಸಂಭಾವನೆ.

ಮಾರ್ಚ್ ೧೨, ಗುರುವಾರ

ಹೊಸ ಚಪ್ಪಲಿ ಬಂದಿದೆ. ಹಿಮ್ಮಡಿಗೆ ಪಟ್ಟಿ ಇರುವಂಥದ್ದು, ನೋಡಲು ಅಸಹ್ಯ. ಹಳೆಯದನ್ನು ನಾನೇ ಬಿಸಾಡಿದೆ, ಅವರು ಬಿಸಾಡಿದ ಹಾಗಾಗಬಾರದು ಎಂದು.

ಬೆಳಿಗ್ಗೆ ಫಿಸಿಯೋ ಮತ್ತೆ ಬಂದು, ನೆಲದಲ್ಲಿ ಹಾಸಿಗೆಯ ಮೇಲೆ ಇನ್ನೊಂದು ಹಾಸಿಗೆ ಹಾಸಿ ಪಕ್ಕದಲ್ಲಿ ಮಂಡಿಯೂರಿ ಕೂತಳು. ಅದರ ಅಂಚಿನಲ್ಲಿ, ಮೋಟು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಮೇಷ್ಟ್ರು ವಾಕರ್ ಹಿಡಿದು ನನ್ನ ಬೆನ್ನ ಹಿಂದೆ ನಿಂತರು. ಸ್ಟೂಲಿನಿಂದ ಹಾಸಿಗೆಗೆ ಒಂದು ಗೇಣು. ಮಗುವೂ ಉರುಳುತ್ತದೆ. ನಾನು ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದೆ.

“ಗದ್ದ ಇನ್ನೂ ಮೇಲಿದೆ.”

ಇಳಿಸಿದೆ.

“ಮೊಣಕೈ ಒಳಗೆ. ಉಸಿರು ಹಿಡೀಬೇಡ. ಏನದು ಮುಖ, ಹುಳಿ ತಿಂದ ಹಾಗೆ?”

“ನಿಮ್ಮ ಮುಖ ನನಗೆ ಕಾಣ್ತಿಲ್ಲವಲ್ಲ, ಅದೇ ಪುಣ್ಯ” ಎಂದೆ. ಫಿಸಿಯೋ ನಕ್ಕಳು.

ಹಿಂದಿನಿಂದಲೇ “ಕಾಲರು ಸರಿಮಾಡ್ಕೋ” ಎಂದರು. ಚಪ್ಪಲಿಯ ಪಟ್ಟಿಯನ್ನು ವಾಕರಿನ ಕಾಲಿನಿಂದ ತಟ್ಟಿ ನೋಡಿದರು. ಆಮೇಲೆ ಏನೂ ಇಲ್ಲ. “ಹೊರಳಿ ಅಮ್ಮ” ಎಂದಳು ಫಿಸಿಯೋ. ನಾನು ಹೊರಳಲಿಲ್ಲ. ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. ಕೈ ಎತ್ತಲು ವಾಕರ್ ಬಿಡಬೇಕು, ಬಿಡಲು ಧೈರ್ಯ ಸಾಲುತ್ತಿಲ್ಲ ಎಂದು ಗೊತ್ತಾಯಿತು. ಗೊತ್ತಾದರೂ ಹೇಳಲಿಲ್ಲ. ಕಾದೆ.

ಏಟು ಭುಜದ ಮೇಲೆ ಬಿತ್ತು, ಜೋರಾಗಿಯೇ. ಬಿದ್ದೆ.